ತುಳಿದರೆ ಹಾಡುವ ರೇಡಿಯೋ

"ನಿಂದರಬ್ಯಾಡಲೇ, ತುಳಿ. ಹಾಡು ಅರ್ಧಕ್ಕ ಹೊಂಟದ."

ಮೂಲೆಯ ಮಂಚದಿಂದ ಚೀಕಲಪರ್ವಿಯ ಮುದುಕ ಗೌಡ ಕೂಗಿದ. ನಾನು ನಿಂತುಬಿಟ್ಟೆ. ನನ್ನ ಎಡಗಾಲನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಪೆಡಲಿಗೆ ಕಟ್ಟಿದ್ದರು. ಮೊಣಕಾಲಿನೊಳಗೆ ಉಳಿ ಇಟ್ಟು ಹೊಡೆದಂತೆ ನೋವು. ಕಿಟಕಿಯಲ್ಲಿದ್ದ ರೇಡಿಯೋದ ದನಿ, ಬಾಯಿಗೆ ಬಟ್ಟೆ ತುರುಕಿದ ಹಾಗೆ ಸಣ್ಣದಾಗಿ, ಬಂದ್ ಆಯಿತು.

ವಾರ್ಡಿನ ತುಂಬ ಗದ್ದಲ ಎದ್ದಿತು.

"ಎಲ್ಲಿಂದ ತಂದು ಹಾಕ್ಯಾರಪ್ಪ ಈ ಡ್ರೈವರನ್ನ? ಒಂದ್ ಹಾಡು ಮುಗಸೋ ದಮ್ಮಿಲ್ಲ," ಎಂದ ಬಟ್ಟೆ ಅಂಗಡಿಯ ಶೆಟ್ಟಿ. ಅವನ ಹಿಮ್ಮಡಿಯ ಪ್ಲಾಸ್ಟರ್ ಆಗಲೇ ಬಿಚ್ಚಿದ್ದರು. ನಾಲಿಗೆಗೆ ಮೊದಲಿನಿಂದಲೂ ಪ್ಲಾಸ್ಟರ್ ಇರಲಿಲ್ಲ.

"ನೀವ ಬಂದು ತುಳೀರಿ ಹಂಗಾರ, ಸಾವ್ಕಾರ್ರ."

"ನನ್ನ ಪಾಳಿ ಮುಂಜಾನೇ ಆತಪ. ಸುದ್ದಿ ಕೇಳಿಸಿದಾಂವ ಯಾರು? ನಾನ."

ನನ್ನ ಪಕ್ಕದಲ್ಲಿ, ನಮಗೆಲ್ಲ ಕಸರತ್ತು ಮಾಡಿಸುವ ಆಪಾ ನಿಂತಿದ್ದರು. ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಕೈಗೆ ಹತ್ತಿದ ಗ್ರೀಸನ್ನು ಚಿಂದಿಯಿಂದ ಒರೆಸಿಕೊಳ್ಳುತ್ತ, "ಇವ್ರಿಗೆ ಹಾಡು ಬೇಕು. ನಿನಗ ಕಾಲು ಬೇಕು. ನಡುವ ನಾ ಯಾಕ ಬಾಯಿ ನೋಯಿಸಿಕೊಳ್ಳಲಿ?" ಎಂದು ಮುಂದಿನ ಮಂಚಕ್ಕೆ ಹೋದರು.

ನಾನು ಟ್ಯೂಬು ಬಿಚ್ಚಿಕೊಂಡು, ಗೋಡೆ ಹಿಡಿದು ಹೋಗಿ ಮಲಗಿದೆ. ಇನ್ನು ಆ ಸೈಕಲ್ಲಿನ ಹತ್ತಿರ ಹೋಗುವುದಿಲ್ಲ ಎಂದು ಅವ್ವನಿಗೆ ಹೇಳಿದೆ.

ಆ ಸೈಕಲ್ಲಿನ ವಿಷಯ ಮೊದಲು ಹೇಳಿಬಿಡುತ್ತೇನೆ. ರಾಯಚೂರಿನ ಒಂದು ದವಾಖಾನೆಯಲ್ಲಿ, ಕೈಕಾಲು ಕೆಟ್ಟ ಗಂಡಸರನ್ನೆಲ್ಲ ಹಾಕುವ ವಾರ್ಡಿನ ನಡುವೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅದನ್ನು ನಿಲ್ಲಿಸಿದ್ದರು. ಮುಂದಿನ ಗಾಲಿ ಇರಲಿಲ್ಲ. ಹಿಂದಿನ ಗಾಲಿ ನೆಲಕ್ಕೆ ತಾಗುತ್ತಿರಲಿಲ್ಲ. ಸೈಕಲ್ಲಿಗೆ ದೀಪ ಹೊತ್ತಿಸುವ ಡೈನಮೋ ಇರುತ್ತದಲ್ಲ, ಅದು ಹಿಂದಿನ ಟೈರಿಗೆ ಒತ್ತಿಕೊಂಡಿತ್ತು. ಅದರ ವೈರು ಒಂದು ತಗಡಿನ ಡಬ್ಬಿಗೆ, ಡಬ್ಬಿಯಿಂದ ರೇಡಿಯೋಗೆ. ರೇಡಿಯೋದೊಳಗೆ ಸೆಲ್ ಹಾಕುವ ಜಾಗ ಖಾಲಿ. ತುಳಿದರೆ ಹಾಡು ಬರುತ್ತದೆ, ಸುದ್ದಿ ಬರುತ್ತದೆ. ಬಿಟ್ಟರೆ ಇಲ್ಲ. ಒಬ್ಬ ತುಳಿದರೆ ವಾರ್ಡಿಗೆಲ್ಲ ಕೇಳುತ್ತದೆ. ಒಬ್ಬ ನಿಂತರೆ ವಾರ್ಡೆಲ್ಲ ಅವನ ಮೇಲೆ ಬೀಳುತ್ತದೆ. ಅಷ್ಟೇ ಅದರ ಮರ್ಮ.

ಅದನ್ನು ಮಾಡಿಸಿದವರು ಆಪಾ. ದವಾಖಾನೆಯಲ್ಲಿ ರೋಗಿಗಳಿಗೆ ಕಸರತ್ತು ಮಾಡಿಸುವುದು ಅವರ ಕೆಲಸ. ಹೈದರಾಬಾದಿನಲ್ಲಿ ಕಲಿತು ಬಂದವರು. ಊರು ಮಾನ್ವಿ. ಅವರ ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು, ಆಮೇಲೆ ತಮ್ಮ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ದಖನಿ ಉರ್ದು ಮಾತಾಡುವವರು, ವಾರ್ಡಿನಲ್ಲಿ ನಮ್ಮ ಹಾಗೆಯೇ ಕನ್ನಡ. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ ಗೌಡನೂ ಆಪಾ ಎನ್ನುತ್ತಿದ್ದ, ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವನಾದರೂ. ಮದುವೆ ಆಗಿತ್ತೋ ಇಲ್ಲವೋ ನಾನು ಕೇಳಿಲ್ಲ. ಹೆಸರು ಗೊತ್ತು. ಬರೆಯುವುದಿಲ್ಲ. ಈಗ ಅವರಿಲ್ಲ, ಬರೆಯಲೇ ಎಂದು ಕೇಳುವಂತೆಯೂ ಇಲ್ಲ.

ಗಿಡ್ಡ ಹೆಂಗಸು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅಲ್ಲಿ ದಾರ ಕಟ್ಟಿದ್ದರು. ಬಂದ ಕೂಡಲೇ ಬುರಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡು ಕೆಲಸಕ್ಕೆ ಹತ್ತುತ್ತಿದ್ದರು. ಹತ್ತಿರ ಬಂದರೆ ಲವಂಗ ಮತ್ತು ಗ್ರೀಸಿನ ವಾಸನೆ. ಯಾರನ್ನೂ ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಹೊದಿಕೆ ಎತ್ತಿ ಮೊದಲು ಪಾದ ನೋಡುತ್ತಿದ್ದರು, ಆಮೇಲೆ ಮುಖ.

"ಮುಖ ಸುಳ್ಳು ಹೇಳ್ತದ. ಪಾದ ಹೇಳಲ್ಲ," ಎನ್ನುತ್ತಿದ್ದರು.

ರೋಗಿ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ನರ್ಸುಗಳು ಮಂಚದ ನಂಬರಿನಿಂದ ಕರೆಯುತ್ತಿದ್ದರು. ಆಪಾ ಕಸುಬಿನಿಂದ ಕರೆಯುತ್ತಿದ್ದರು. ಗೌಡಾ. ಬಟ್ಟಿ ಅಂಗಡಿ. ಡ್ರೈವರಾ. ನಾನು ಒಂದು ಸಲ ಕೇಳಿದೆ, ನನಗೆ ಹೆಸರಿಲ್ಲೇನು ಎಂದು.

"ಹೆಸರು ನಿನ್ನ ಜೋಡಿ ಮನೀಗೆ ಬರ್ತದ, ಎಲ್ಲೂ ಹೋಗಲ್ಲ. ಇಲ್ಲಿ ಮಲಗಿ ಮಲಗಿ ಮಂದಿ ತಮ್ಮ ಕೆಲಸ ಮರೀತಾರ. ಅದಕ್ಕ ಕರೀತೀನಿ," ಎಂದರು.

ಮಂಚ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸೈಕಲ್ ಅಂಗಡಿಯ ಮಗಳಲ್ಲವೇ, ಮಾತೆಲ್ಲ ಆ ಕಡೆಯದೇ. "ನಿಂತ ಸೈಕಲ್ಲಿಗೆ ಜಂಗು ಹತ್ತತದ, ತುಕ್ಕು ತಿಂತದ. ನೀವೇನ್ ಬಂಗಾರ ಅದೀರೇನು?" ಎಂದು ಕೇಳುತ್ತಿದ್ದರು.

ಸೈಕಲ್ಲು ವಾರ್ಡಿಗೆ ಬಂದದ್ದು ಗೌಡನ ದೆಸೆಯಿಂದ. ಅದು ನಾನು ಬರುವ ಮೊದಲಿನ ಮಾತು, ಶೆಟ್ಟಿ ಹೇಳಿದ್ದು. ಗೌಡನಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದಿದ್ದವು. ಆಪಾ ಕಾಲು ಮಡಚಿಸಲು ಹೋದರೆ ಗೌಡ ಹೊದಿಕೆ ಹಿಡಿದುಕೊಂಡು ಬಿಡುತ್ತಿರಲಿಲ್ಲ. ಹೆಣ್ಣುಮಗಳ ಕೈಯಲ್ಲಿ ಕಾಲು ಹಿಡಿಸಿಕೊಂಡು ಯಾವ ನರಕಕ್ಕೆ ಹೋಗಲಿ ಎನ್ನುತ್ತಿದ್ದ. ಅವನೊಬ್ಬನೇ ಅಲ್ಲ, ನಮ್ಮ ಕಡೆಯ ಹಿರಿಯರೆಲ್ಲ ಹಾಗೇ. ಆಪಾ ಸ್ವಲ್ಪ ದಿನ ಜಗಳಾಡಿದರು. ಆಮೇಲೆ ಮಾನ್ವಿಗೆ ಹೋಗಿ ತಮ್ಮನ ಅಂಗಡಿಯಲ್ಲಿ ಬಿದ್ದಿದ್ದ ಸೈಕಲ್ಲು ತಂದರು.

"ನನ್ನ ಕೈ ಬ್ಯಾಡಂದ್ರ ಬ್ಯಾಡ ಬಿಡ್ರಿ ಗೌಡ್ರ. ಇದಕ್ಕ ಜಾತಿ ಇಲ್ಲ, ಹೆಣ್ಣಲ್ಲ ಗಂಡಲ್ಲ. ಹತ್ರಿ," ಎಂದರಂತೆ.

ಗೌಡ ಹತ್ತಲಿಲ್ಲ. ಸುಮ್ಮನೆ ಗಾಲಿ ತಿರುಗಿಸುವುದು ಹುಚ್ಚರ ಕೆಲಸ ಎಂದ. ಆಗ ಆಪಾ ಡೈನಮೋ ಹಚ್ಚಿಸಿದರು, ಡಬ್ಬಿ ಮಾಡಿಸಿದರು, ತಮ್ಮ ಮನೆಯ ರೇಡಿಯೋ ತಂದಿಟ್ಟರು. ಸಂಜೆ ರೈತರ ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಶೆಟ್ಟಿಯ ಹತ್ತಿರ ತುಳಿಸಿದರು. ಭತ್ತದ ರೋಗದ ಮಾತು ಬಂತು. ಮಾತು ನಡುವಿರುವಾಗ ಶೆಟ್ಟಿಗೆ ಇಳಿ ಎಂದರು. ಭತ್ತಕ್ಕೆ ಯಾವ ಔಷಧಿ ಎಂಬುದು ಗೌಡನಿಗೆ ತಿಳಿಯದೇ ಹೋಯಿತು. ಮರುದಿನ ಅದೇ ಹೊತ್ತಿಗೆ ಗೌಡ ತಾನೇ ಕೂಗಿದನಂತೆ, ಯಾರಾದರೂ ಎತ್ತಿ ಕೂಡಿಸ್ರಿ ಎಂದು.

ಎಲ್ಲರೂ ಗೌಡನಷ್ಟು ಸರಳ ಇರಲಿಲ್ಲ. ಶೆಟ್ಟಿಯ ಮಗ ಒಂದು ದಿನ ಹೊಸ ಸೆಲ್ ತಂದು ರೇಡಿಯೋಗೆ ಹಾಕಿದ. ಯಾರೂ ತುಳಿಯುತ್ತಿಲ್ಲ, ಹಾಡು ಬರುತ್ತಿದೆ. ಎಲ್ಲರೂ ಮಲಗಿಕೊಂಡು ಕೇಳುತ್ತಿದ್ದೇವೆ. ಆಪಾ ಬಂದರು, ನಿಂತರು, ನಿಂತ ಗಾಲಿ ನೋಡಿದರು, ರೇಡಿಯೋದ ಬೆನ್ನು ಬಿಚ್ಚಿದರು. ಸೆಲ್ಲುಗಳನ್ನು ತೆಗೆದು ತಮ್ಮ ಚೀಲದಲ್ಲಿದ್ದ ಟಾರ್ಚಿಗೆ ಹಾಕಿಕೊಂಡರು. ಹೊತ್ತಿಸಿ ನೋಡಿದರು.

"ನನ್ನ ಬ್ಯಾಟ್ರಿಗೆ ಬೇಕಾಗಿದ್ವು. ನಿನ್ನ ಮಗ ಭಾಳ ಛಲೋ ಇದಾನ, ಬಟ್ಟಿ ಅಂಗಡಿ. ಮುಗಿದ ಮ್ಯಾಲ ಮತ್ತ ಹೇಳ್ತೀನಿ," ಎಂದರು.

ಶೆಟ್ಟಿಯ ಮುಖ ನೋಡುವಂತಿತ್ತು. ನಗು ತಡೆಯಲಾಗದೆ ಗೌಡನಿಗೆ ಕೆಮ್ಮು ಹತ್ತಿತು.

ಇನ್ನು ನನ್ನ ಕಾಲು. ನಾನು ಮಾನ್ವಿಯ ಒಂದು ರೈಸ್ ಮಿಲ್ಲಿನ ಲಾರಿ ಡ್ರೈವರು. ಊರು ದೇವದುರ್ಗದ ಹತ್ತಿರ. ಭತ್ತದ ಲೋಡು ಹಾಕಿಕೊಂಡು ಕುರ್ಡಿ ದಾಟಿದ ಮೇಲೆ ಟೈರು ಹೋಯಿತು. ಬದಲಿಸುವಾಗ ಜಾಕು ಜಾರಿ ಲಾರಿ ಕೂತಿತು. ಎಡ ತೊಡೆಯ ಮೂಳೆ ಮುರಿಯಿತು. ಮೂಳೆ ಕೂಡಿತು, ಅದಕ್ಕೆ ಡಾಕ್ಟರರ ಕೈ ಒಳ್ಳೆಯದು. ಆದರೆ ಅಷ್ಟು ದಿನ ಪ್ಲಾಸ್ಟರಿನಲ್ಲಿ ಇದ್ದು ಮೊಣಕಾಲು ಕಟ್ಟಿಗೆಯಂತಾಯಿತು. ಬಾಗುವುದೇ ಇಲ್ಲ.

ಲಾರಿಯ ಕ್ಲಚ್ ಇರುವುದು ಎಡಗಾಲಿಗೆ. ಮಿಲ್ಲಿನ ಸಾವ್ಕಾರ ನೋಡಲು ಬಂದ. ಕೆಟ್ಟ ಮನುಷ್ಯನಲ್ಲ. ಹೊದಿಕೆಯ ಮೇಲಿಂದಲೇ ಕಾಲು ನೋಡಿ ಹೇಳಿದ:

"ಕ್ಲಚ್ ಒತ್ತೋ ಕಾಲು ತಗೊಂಡು ಬಾ, ಲಾರಿ ನಿಂದ. ಸುಗ್ಗಿ ತನಕ ಹೆಂಗರ ದೂಡ್ತೀನಿ. ಆಮ್ಯಾಲ ನಾ ಏನ್ ಮಾಡ್ಲಿ, ನೀನ ಹೇಳು."

ನಾನು ಏನು ಹೇಳಲಿ? ನನಗೆ ಬೇರೆ ಕೆಲಸ ಬರುವುದಿಲ್ಲ. ಶಾಲೆ ಬಿಟ್ಟವನು ಸೀದಾ ಲಾರಿ ಹತ್ತಿದ್ದೆ. ಅಪ್ಪ ಇಲ್ಲ. ಅವ್ವ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಇರುತ್ತಿದ್ದಳು. ಆ ಕಾಲು ಬಾಗದಿದ್ದರೆ ನಾವಿಬ್ಬರೂ ಊರಿಗೆ ಹೋಗಿ ಏನು ಮಾಡಬೇಕು ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಷ್ಟಾದರೂ ನಾನು ಮತ್ತೆ ಸೈಕಲ್ ಹತ್ತಲಿಲ್ಲ. ನೋವಿಗೆ ಹೆದರಿದೆ. ಮುರಿದ ಕಾಲು ಅಲುಗಿಸಬಾರದು, ಮಲಗಿದಷ್ಟು ಗಟ್ಟಿಯಾಗುತ್ತದೆ ಎಂದು ನೋಡಲು ಬಂದ ನೆಂಟರೆಲ್ಲ ಹೇಳುತ್ತಿದ್ದರು. ನನಗೂ ಅದೇ ಬೇಕಾಗಿತ್ತು.

ಅಷ್ಟರಲ್ಲಿ ಆಪಾನ ತಮ್ಮನ ಮಗಳ ಮದುವೆ ಬಂತು. ಮಾನ್ವಿಗೆ ಹೊರಟು ನಿಂತವರು ವಾರ್ಡಿನ ನಡುವೆ ನಿಂತು, "ನಾ ಬರೋತನಕ ರೇಡಿಯೋ ಬಂದ್ ಬೀಳಬಾರದು. ಯಾರ ಪಾಳಿನೂ ತಪ್ಪಬಾರದು. ಡ್ರೈವರಾ, ನಿಂದೂ," ಎಂದು ಹೇಳಿ ಹೋದರು.

ಮರುದಿನ ನನ್ನ ಪಾಳಿ ಬಂದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅವ್ವ ಎದ್ದಳು. ಸೀರೆಯ ಕಚ್ಚೆ ಬಿಗಿ ಮಾಡಿದಳು. ಸೈಕಲ್ಲಿಗೆ ಕೈ ಮುಗಿದು, ಹತ್ತಿ, ತುಳಿಯಲು ಹತ್ತಿದಳು. ಹುಟ್ಟಿದಾಗಿನಿಂದ ಅವಳು ಸೈಕಲ್ ಹತ್ತಿದವಳಲ್ಲ. ಆದರೆ ಇದು ಬೀಳುವ ಸೈಕಲ್ಲಲ್ಲವಲ್ಲ.

"ಯವ್ವಾ, ಏನ್ ಮಾಡಾಕತ್ತಿ? ಇಳಿ," ಎಂದೆ.

"ಸುಮ್ನಿರು. ನಿನಗ ಸಿಡುಬು ಎದ್ದಾಗ ಗುಡಿ ಸುತ್ತ ದೀಡ ನಮಸ್ಕಾರ ಹಾಕಿದಾಕಿ ಯಾರು? ನೀನೇನು? ನಾ. ಅದು ನಿನಗ ಹತ್ತಲಿಲ್ಲೇನು? ಇದೂ ಹತ್ತತದ."

ನಮ್ಮಲ್ಲಿ ಹಾಗೇ ಅಲ್ಲವೇ. ಬೇನೆ ಬಿದ್ದವನೇ ಹರಕೆ ತೀರಿಸಬೇಕು ಎಂದು ಯಾವ ದೇವರೂ ಕೇಳುವುದಿಲ್ಲ. ತಾಯಿ ಉಪವಾಸ ಇದ್ದರೆ ಮಗನಿಗೆ ಜ್ವರ ಇಳಿಯುತ್ತದೆ. ಹೆಂಡತಿ ಗುಡಿಯ ಸುತ್ತ ಉರುಳಿದರೆ ಗಂಡ ಏಳುತ್ತಾನೆ. ವಾರ್ಡಿನಲ್ಲಿ ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ. ಹೇಗೆ ಇದು ಮೊದಲೇ ಹೊಳೆಯಲಿಲ್ಲ ಅನ್ನಿಸಿತು.

ಮರುದಿನದಿಂದ ಗೌಡನ ಪಾಳಿಗೆ ಅವನ ತಮ್ಮ ಬಂದ. ಶೆಟ್ಟಿ ತನ್ನ ಅಂಗಡಿಯ ಆಳನ್ನು ಕರೆಸಿದ. ಮಲ್ಲಟದಿಂದ ಬಂದಿದ್ದ ಒಬ್ಬನ ಹೆಂಡತಿ ಮಡಿಯಲ್ಲಿ ಮಿಂದು ಬಂದು, ಪೆಡಲಿಗೆ ಅರಿಸಿನ ಹಚ್ಚಿ ತುಳಿದಳು. ರೇಡಿಯೋ ಎಂದೂ ಅಷ್ಟು ಗಟ್ಟಿಯಾಗಿ ಹಾಡಿರಲಿಲ್ಲ. ನಾವೆಲ್ಲ ಮಂಚದ ಮೇಲೆ ಮಲಗಿ ಕೇಳಿದೆವು. ಒಬ್ಬರ ಪಾಳಿಯೂ ತಪ್ಪಲಿಲ್ಲ. ಆಪಾ ಬಂದರೆ ಬಹಳ ಖುಷಿ ಪಡುತ್ತಾರೆ ಎಂದು ಮಾತಾಡಿಕೊಂಡೆವು.

ಆಪಾ ಬಂದರು. ವರಾಂಡದ ಆ ತುದಿಯಿಂದಲೇ ಹಾಡು ಕೇಳಿಸಿರಬೇಕು, ಚಪ್ಪಲಿಯ ಸದ್ದು ಜೋರಾಗಿ ಬಂತು. ಬಾಗಿಲಲ್ಲೇ ನಿಂತುಬಿಟ್ಟರು. ಕೈಯಲ್ಲಿ ಮದುವೆಯ ಸಿಹಿಯ ಗಂಟು ಇತ್ತು. ಸೈಕಲ್ಲಿನ ಮೇಲೆ ಬೆವರು ಸುರಿಸುತ್ತ ನನ್ನ ಅವ್ವ. ಹಿಂದೆ ಪಾಳಿಗೆ ಕಾಯುತ್ತ ಶೆಟ್ಟಿಯ ಆಳು. ಸುತ್ತ ಮಲಗಿದ ನಾವು.

ಅವರು ಬುರಖಾ ತೆಗೆಯಲಿಲ್ಲ. ಬಂದು ನನ್ನ ಮಂಚದ ಅಂಚಿಗೆ ಕೂತರು. ಹಾಡು ಮುಗಿಯುವವರೆಗೂ ಕೂತು ಕೇಳಿದರು.

ಅವ್ವ ಇಳಿದು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದ್ ದಿನಾನೂ ಬಿಟ್ಟಿಲ್ಲ ನೋಡ್ರಿ ಆಪಾ. ನೀವ್ ಹೇಳಿದಂಗ."

"ಹೌದಬೇ ಯವ್ವಾ. ಭಾಳ ದಣದಿ. ಬಾ ಇಲ್ಲಿ, ಕೂಡು," ಎಂದು ಅವ್ವನ ಕೈ ಹಿಡಿದು ನನ್ನ ಮೊಣಕಾಲಿನ ಮೇಲೆ ಇಟ್ಟರು. "ಬಾಗಸು ಇದನ್ನ. ಹೆದರಬ್ಯಾಡ, ನಾ ಅದೀನಿ."

ಅವ್ವ ಎರಡೂ ಕೈಯಿಂದ ಎಳೆದಳು. ನಾನು ಹಲ್ಲು ಕಚ್ಚಿದೆ. ಕಾಲು ಅಲುಗಲಿಲ್ಲ. ಆಪಾ ಹೋಗುವಾಗ ಇದ್ದದ್ದಕ್ಕಿಂತ ಬಿಗಿಯಾಗಿತ್ತು. ಅವ್ವ ಮತ್ತೊಮ್ಮೆ ಎಳೆದಳು. ಆಮೇಲೆ ಕೈ ಅಲ್ಲೇ ಇಟ್ಟುಕೊಂಡು ಅಳಲು ಹತ್ತಿದಳು. ಸದ್ದು ಇರಲಿಲ್ಲ, ಮೂಗು ಮಾತ್ರ ಒರೆಸಿಕೊಳ್ಳುತ್ತಿದ್ದಳು.

ಆಪಾ ಹೇಳಿದ್ದು ಇದು. ಒಂದೊಂದು ಮಾತೂ ನೆನಪಿದೆ.

"ದೇವ್ರಿಗೆ ಹಾಕಿದ್ದು ಮಗನಿಗೆ ಹತ್ತತದೋ ಇಲ್ಲೋ, ಅದು ನಿನಗ ನಿನ್ನ ದೇವ್ರಿಗೆ ಬಿಟ್ಟಿದ್ದು. ನಾ ಅದರಾಗ ಬರಲ್ಲ. ನಮ್ಮ ಮನ್ಯಾಗೂ ನನ್ನ ಸಲುವಾಗಿ ನಮ್ಮವ್ವ ರೋಜಾ ಹಿಡದು ಉಪವಾಸ ಇದ್ದಾಳ. ಆದ್ರ ಇದು ಸೈಕಲ್ ಯವ್ವಾ. ಇದಕ್ಕ ನಿನ್ನ ದುಃಖ ಗೊತ್ತಾಗಲ್ಲ. ಯಾರು ತುಳೀತಾರ, ಅವ್ರಿಗೇ ಹತ್ತತದ."

ಆಮೇಲೆ ನನ್ನ ಕಡೆ ತಿರುಗಿದರು.

"ಡ್ರೈವರಾ, ನಿಮ್ಮವ್ವನ ಮೊಣಕಾಲು ಭಾಳ ಛಲೋ ಬಾಗತಾವ. ಸಾವ್ಕಾರ್ಗೆ ಹೇಳಿ ಕಳಸು, ಲಾರಿ ಆಕಿ ಹೊಡೀತಾಳಂತ."

ಶೆಟ್ಟಿಯ ಆಳು ತಲೆ ತಗ್ಗಿಸಿ ಹೊರಗೆ ಹೋದ. ನಾನು ಎದ್ದೆ. ಸಿಟ್ಟಿನಿಂದ ಎದ್ದೆ, ಬುದ್ಧಿ ಬಂದು ಅಲ್ಲ.

ಸೈಕಲ್ಲಿನ ಪೆಡಲಿನ ಕೋಲಿಗೆ ಆಪಾ ತಮ್ಮನ ಕೈಯಿಂದ ಬೇರೆ ಬೇರೆ ತೂತು ಹೊಡೆಸಿದ್ದರು. ಒಳಗಿನ ತೂತಿಗೆ ಪೆಡಲು ಹಾಕಿದರೆ ಕಾಲು ತಿರುಗುವ ಸುತ್ತು ಸಣ್ಣದು, ಮೊಣಕಾಲು ಸ್ವಲ್ಪ ಬಾಗಿದರೆ ಸಾಕು. ಹೊರಗೆ ಹೋದಷ್ಟು ಸುತ್ತು ದೊಡ್ಡದು. ನನಗೆ ಎಲ್ಲಕ್ಕಿಂತ ಒಳಗಿನ ತೂತು. ಬಲಗಡೆಯ ಪೆಡಲು ಬಿಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಒಳ್ಳೆಯ ಕಾಲು ಕೆಟ್ಟ ಕಾಲಿನ ಕೆಲಸ ಮಾಡುತ್ತದೆ, ಅದೂ ಒಂದು ತಾಯಿಯೇ ಎಂದರು. ನನ್ನ ಪಾದವನ್ನು ಟ್ಯೂಬಿನಿಂದ ಕಟ್ಟಿ, ಅವ್ವನ ಕಡೆ ನೋಡಿದರು.

"ನೀ ಹೊರಗ ಹೋಗಿ ಕೂಡು ಯವ್ವಾ. ನೋಡಬ್ಯಾಡ. ರೇಡಿಯೋ ಕೇಳು. ಹಾಡು ಬರೋತನಕ ಮಗ ಗಟ್ಟಿ ಅದಾನ ಅಂತ ತಿಳಕೋ."

ಅವ್ವ ವರಾಂಡದಲ್ಲಿ ಕಂಬಕ್ಕೆ ಒರಗಿ ಕೂತಳು. ಮೊದಲ ದಿನ ಅವಳಿಗೆ ಏನೂ ಕೇಳಿಸಿರಲಿಕ್ಕಿಲ್ಲ, ಗರ್ ಎಂಬ ಸದ್ದು ಬಿಟ್ಟರೆ. ನಾನು ಅತ್ತದ್ದು ಕೇಳಿಸಿರಬೇಕು. ಆದರೆ ಒಳಗೆ ಬರಲಿಲ್ಲ. ಆಮೇಲೆ ಒಂದೊಂದು ಮಾತು ಕೇಳಿಸತೊಡಗಿತು. ಆಮೇಲೆ ಪಲ್ಲವಿ. ಗೌಡ ಮೂಲೆಯಿಂದ ಬೈದು ಬೈದು ತುಳಿಸಿದ. ಅವನಿಗೂ ಬೆಳಿಗ್ಗೆ ಸಂಜೆ ನಾನು ಬೈದು ತುಳಿಸಿದೆ. ಒಂದು ದಿನ ಹಾಡು ಪೂರಾ ಮುಗಿಯಿತು. ಅವ್ವ ಬಾಗಿಲಿಗೆ ಬಂದು ಇಣುಕಿ, ಹೋಗಿ ಮತ್ತೆ ಕಂಬದ ಹತ್ತಿರ ಕೂತಳು. ಆಪಾ ಸ್ಪ್ಯಾನರ್ ತೆಗೆದು ಪೆಡಲನ್ನು ಮುಂದಿನ ತೂತಿಗೆ ಹಾಕಿದರು. ಶಾಬಾಸ್ ಎನ್ನಲಿಲ್ಲ. ಅವರ ಶಾಬಾಸ್ ಅದೇ, ಮುಂದಿನ ತೂತು.

ಸುಗ್ಗಿಗೆ ಮೊದಲೇ ನಾನು ಹೊರಟೆ. ಮಿಲ್ಲಿನ ಲಾರಿ ದವಾಖಾನೆಯ ಗೇಟಿಗೆ ಬಂದಿತ್ತು. ಆಪಾ ಗೇಟಿನವರೆಗೆ ಬಂದರು. ಕಳಿಸಲು ಅಂದುಕೊಂಡೆ. ಅಲ್ಲ. ಕ್ಯಾಬಿನ್ನಿನ ಮೆಟ್ಟಿಲು ಹತ್ತಿ, ಒಂದು ಕೈಯಲ್ಲಿ ಬಾಗಿಲು ಹಿಡಿದು ನಿಂತು, ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು.

"ಕ್ಲಚ್ ಒತ್ತು. ಬಿಡು. ಮತ್ತ ಒತ್ತು. ಪೂರಾ."

ಒತ್ತಿದೆ. ಪೂರಾ ಹೋಯಿತು. ಅವರು ಕಣ್ಣು ಮುಚ್ಚಿಕೊಂಡು ಕೈಯಿಂದ ಕೇಳುತ್ತಿದ್ದರು.

"ಹೋಗು. ಇಲ್ಲಿಗೆ ಮತ್ತ ಬರಬ್ಯಾಡ," ಎಂದು ಇಳಿದರು.

ಅವ್ವ ಅವರ ಕಾಲು ಮುಟ್ಟಲು ಬಾಗಿದಳು. ಆಪಾ ಹಾರಿ ಹಿಂದೆ ಸರಿದರು. "ಏಳಬೇ. ಮಂದಿ ಕಾಲು ಹಿಡಿಯೋದು ನನ್ನ ಕೆಲಸ. ಅದನ್ನೂ ಕಸಗೊಂತೀಯೇನು?"

ಕೆಲವು ವರ್ಷ ಕಳೆದು ಅವರು ರಿಟೈರ್ ಆದರು. ಹಾರ ಹಾಕಿ ಕುರ್ಚಿಯ ಮೇಲೆ ಕೂಡಿಸಿ ಭಾಷಣ ಮಾಡುತ್ತಿದ್ದರಂತೆ, ನಡುವೆಯೇ ಎದ್ದು ವಾರ್ಡಿಗೆ ಹೋಗಿಬಿಟ್ಟರಂತೆ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಸೈಕಲ್ಲನ್ನು ಯಾರೋ ಹಿತ್ತಲಿಗೆ ತಂದಿಟ್ಟಿದ್ದರು. ಅವರ ತಮ್ಮ ಹೇಳಿ ಕಳಿಸಿದ. ನನ್ನ ಲಾರಿಯಲ್ಲೇ ಅದನ್ನು ಮಾನ್ವಿಗೆ ಒಯ್ದು ಇಳಿಸಿದೆ. ಆಪಾ ಗಾಲಿ ತಿರುಗಿಸಿ ನೋಡಿ, ಜಂಗು ಹತ್ತಿದ್ದಕ್ಕೆ ನನಗೇ ಬೈದರು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಸುದ್ದಿ ನನಗೆ ಮಾನ್ವಿಯ ಪೆಟ್ರೋಲ್ ಬಂಕಿನಲ್ಲಿ ತಿಳಿಯಿತು. ಊರಿಗೆ ಹೋಗಿ ಅವ್ವನನ್ನು ಲಾರಿಯಲ್ಲಿ ಕೂಡಿಸಿಕೊಂಡು ಬಂದೆ.

ಬಲಗಡೆ ಪೂರಾ ಬಿದ್ದಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಗೋಡೆಗೆ ಮುಖ ಮಾಡಿ ಮಲಗಿದ್ದರು. ಸೈಕಲ್ಲು ಮಂಚದ ಪಕ್ಕದಲ್ಲೇ ಇತ್ತು, ಮೇಲೆ ಒಗೆದ ಬಟ್ಟೆ ಒಣಹಾಕಿದ್ದರು.

"ಹತ್ತಲ್ಲ ಅಂತಾಳ. ಯಾರ ಮಾತೂ ಕೇಳವಲ್ಲಳು. ಎಷ್ಟ್ ಮಂದೀಗೆ ಹೇಳಿದಾಕಿ," ಎಂದ ತಮ್ಮ.

ಅವ್ವ ಬಟ್ಟೆ ತೆಗೆದು ಮಡಚಿ ಇಟ್ಟಳು. ಕಚ್ಚೆ ಬಿಗಿ ಮಾಡಿ, ಕೈ ಮುಗಿದು, ಸೈಕಲ್ ಹತ್ತಿದಳು. ಈಗ ಅವಳಿಗೂ ವಯಸ್ಸಾಗಿದೆ. ನಿಧಾನಕ್ಕೆ ತುಳಿದಳು. ರೇಡಿಯೋ ಗರ್ ಎಂದು, ದನಿ ಎದ್ದಿತು.

ಆಪಾ ಮುಖ ತಿರುಗಿಸಿದರು. ಅವ್ವನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ಆಮೇಲೆ ಎಡಗೈ ಎತ್ತಿದರು, ಸಾಕು ಎಂದು. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

"ಡ್ರೈವರಾ... ಲಾರಿ ಈಗ... ನಿಮ್ಮವ್ವನೇ ಹೊಡೀತಾಳೇನು?"

"ಇಲ್ರಿ ಆಪಾ. ನಾನ," ಎಂದೆ.

"ಇಳಸು... ಆಕೀನ."

ಅವ್ವ ಇಳಿದಳು. ನಾನೂ ತಮ್ಮನೂ ಆಪಾನನ್ನು ಎತ್ತಿ ಕೂಡಿಸಿದೆವು. ತಮ್ಮ ಪೆಡಲನ್ನು ಎಲ್ಲಕ್ಕಿಂತ ಒಳಗಿನ ತೂತಿಗೆ ಹಾಕಿದ. ನಾನು ಟ್ಯೂಬಿನಿಂದ ಅವರ ಬಲಪಾದ ಕಟ್ಟಿದೆ. ಅವರು ಎಡಗಡೆಯ ಪೆಡಲಿನ ಕಡೆ ಬೆರಳು ತೋರಿಸಿದರು. ಬಿಚ್ಚಿದೆ. ಆಮೇಲೆ ನನಗೂ ಅವ್ವನಿಗೂ ಬಾಗಿಲು ತೋರಿಸಿದರು.

ಹೊರಗೆ ಬಂದು ಲಾರಿಯ ಹತ್ತಿರ ನಿಂತೆವು. ಬಹಳ ಹೊತ್ತು ಏನೂ ಇಲ್ಲ. ಸರಪಳಿ ಒಂದು ಸಲ ಕರ್ ಎಂದಿತು, ನಿಂತಿತು. ಮತ್ತೆ ಕರ್ ಎಂದಿತು. ಆಮೇಲೆ ರೇಡಿಯೋದಲ್ಲಿ ಒಂದು ಹೆಂಗಸಿನ ದನಿ, ಅರ್ಧ ಮಾತು, ಅಷ್ಟಕ್ಕೇ ಹೋಯಿತು.

"ಗಟ್ಟಿ ಅದಾಳ," ಎಂದಳು ಅವ್ವ.

ಅವತ್ತಿನಿಂದ ಆ ದಾರಿಯಲ್ಲಿ ಲೋಡು ಹೋದಾಗಲೆಲ್ಲ ಅವರ ಮನೆಯ ಮುಂದೆ ಇಂಜಿನ್ ಬಂದ್ ಮಾಡಿ ಕೇಳುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ, ಅವರಿಗೆ ಅದು ಇಷ್ಟವಿರಲಿಲ್ಲ. ಕೆಲವು ದಿನ ಏನೂ ಇರುತ್ತಿರಲಿಲ್ಲ. ಕೆಲವು ದಿನ ಗರ್ ಎಂಬ ಸದ್ದು. ಮಳೆಗಾಲ ಮುಗಿದ ಮೇಲೆ ಒಂದು ಸಲ ಹಾಡು ಪೂರಾ ಬಂತು, ಮೊದಲಿನಿಂದ ಕಡೆಯವರೆಗೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು, ಇಳಿದು ಬಂದು ಬೈದ. ಮುಗಿಯುವವರೆಗೆ ನಾನು ಲಾರಿ ತೆಗೆಯಲಿಲ್ಲ.

ಎರಡನೇ ಸಲ ಹೊಡೆದಾಗ ಅವರು ಉಳಿಯಲಿಲ್ಲ. ನಾನು ಹೋದಾಗ ಮನೆಯ ಮುಂದೆ ಜನ ಸೇರಿದ್ದರು. ತಮ್ಮ ನನ್ನನ್ನು ನೋಡಿ, ಹೆಗಲು ಕೊಡುತ್ತೀಯಾ ಎಂದು ಕೇಳಿದ. ಕೊಟ್ಟೆ. ಅವರ ಮಂದಿ ಸರಿದು ಜಾಗ ಮಾಡಿದರು. ಖಬರಸ್ತಾನ ಊರ ಹೊರಗೆ, ದಿಬ್ಬ ಹತ್ತಿ ಹೋಗಬೇಕು. ಹೊತ್ತುಕೊಂಡು ನಡೆದೆ. ಎಡಗಾಲು ಎಲ್ಲೂ ತಡೆಯಲಿಲ್ಲ.

ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.